ಪ್ರೀತಿಯಿಂದ ಬಂಗುಡೆ

ತನ್ನ ಊರು ಬೆಂಗ್ರೆಯಿಂದ ನದಿ ದಾಟಿ ಪೇಟೆಯ ಬಂದರಿಗೆ ಹೋಗುವ ದೋಣಿಯಲ್ಲಿ ಕುಳಿತು ಧನರಾಜ್ ಕೈಯಲ್ಲಿದ್ದ ಬಣ್ಣದ ಕಾಗದದ ಒಂದು ಶಬ್ದದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ. ಮುಚ್ಚಿದಾಗ ವಾಕ್ಯ ಹೀಗಿತ್ತು: ಶಾಲೆಯಲ್ಲಿ ಗೆಳೆಯರು ಅವರನ್ನು ಬಂಗುಡೆ ಎಂದು ಕರೆಯುತ್ತಿದ್ದರು. ಗೆಳೆಯರು ಎಂಬುದೊಂದನ್ನು ಬಿಟ್ಟರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬೆರಳು ತೆಗೆದರೆ ‘ಪ್ರೀತಿಯಿಂದ’ ಎಂಬ ನಾಲ್ಕಕ್ಷರ, ಮದುವೆಯ ಪಂಕ್ತಿಯಲ್ಲಿ ಯಾರೂ ಕರೆಯದೆ ಬಂದು ಕುಳಿತವನ ಹಾಗೆ, ನಡುವೆ ಕುಳಿತು ಆಚೀಚೆ ನೋಡಿ ನಗುತ್ತಿತ್ತು. ಕಾಗದವನ್ನು ನಿನ್ನೆ ಸಂಜೆ ತಂಗಿಯ ಮಗಳು ಸುಪ್ರೀತಾ ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದಳು. ಈಗ ತೆರೆಯಬೇಡಿ ಮಾಮ, ನಾಳೆ ಫಂಕ್ಷನ್ನಿಗೆ ಬರುವಾಗ ದೋಣಿಯಲ್ಲಿ ನೋಡಿ, ಸರ್ಪ್ರೈಸ್ ಉಂಟು, ಎಂದಿದ್ದಳು. ಅವನು ಮಾತಿಗೆ ತಪ್ಪದೆ ರಾತ್ರಿಯೆಲ್ಲ ಲಕೋಟೆಯನ್ನು ದೇವರ ಫೋಟೋದ ಕೆಳಗಿಟ್ಟು, ಮಧ್ಯಾಹ್ನ ಸ್ನಾನ ಮಾಡಿ ಇಸ್ತ್ರಿಯ ಬಿಳಿ ಅಂಗಿ ಹಾಕಿ, ದೋಣಿ ದಡ ಬಿಟ್ಟ ಮೇಲೆಯೇ ತೆರೆದಿದ್ದ. ತೆರೆದ ಕೂಡಲೆ ಕಂಡದ್ದು ಅವನದೇ ಅಕ್ಷರಗಳು. ಮೂವತ್ತೈದು ವರ್ಷ ಮೀನಿನ ಬೋಟುಗಳ ಮೂತಿಯ ಮೇಲೆ ಅವನು ಬರೆದ ಅಕ್ಷರಗಳೇ, ಬಲಕ್ಕೆ ವಾಲಿದ, ಅಂಚು ಮಾತ್ರ ಇದ್ದು ಒಳಗೆ ಖಾಲಿ ಬಿಟ್ಟ, ತಲೆಕಟ್ಟಿನ ತುದಿಯಲ್ಲಿ ಕುಡಿಮೀಸೆಯಂತೆ ತಿರುಗಿದ ಅಕ್ಷರಗಳು, ಕಾಗದದ ಅಗಲಕ್ಕೂ ಹಬ್ಬಿ ಒಂದೇ ಒಂದು ಮಾತು ಹೇಳುತ್ತಿದ್ದವು: ಬಂಗುಡೆ. ಅದರ ಕೆಳಗೆ ಸಣ್ಣದಾಗಿ, ಕರಾವಳಿಯ ಬೋಟುಗಳಿಂದ ನಿಮ್ಮ ಕಂಪ್ಯೂಟರಿಗೆ ಒಂದು ತುಂಟ ಕನ್ನಡ ಫಾಂಟ್. ಅದರ ಕೆಳಗೆ ಅವನ ಫೋಟೋ. ಅದರ ಕೆಳಗೆ ಆ ವಾಕ್ಯ.

“ಎಂತ ಧನರಾಜಣ್ಣ, ಹೊಸ ಹೋಟೆಲಾ?” ಎದುರು ಹಲಗೆಯಲ್ಲಿ ಕುಳಿತ ಜೊಕಿಮ್ ಕತ್ತು ಚಾಚಿದ. ಬೋಟುಗಳು ನಿಲ್ಲುವ ಧಕ್ಕೆಯಲ್ಲಿ ಇಂಜಿನು ರಿಪೇರಿ ಮಾಡುವವನು, ಎಲ್ಲರ ಕಾಗದವನ್ನೂ ಓದುವ ಅಭ್ಯಾಸದವನು. “ಬಂಗುಡೆ ಅಂತ ಇಷ್ಟು ದೊಡ್ಡದು ಬರೆದಿದ್ದಾರಲ್ಲ. ಊಟಕ್ಕೆ ಮೀನಿನ ಪುಳಿಮುಂಚಿ ಫ್ರೀಯಾ ಹೇಗೆ?”

“ಹೋಟೆಲ್ ಅಲ್ಲ ಮಾರಾಯ. ಅಕ್ಷರ.”

“ಅಕ್ಷರವನ್ನು ಯಾರು ತಿಂತಾರೆ?” ಎಂದು ಜೊಕಿಮ್ ನಕ್ಕ. ದೋಣಿಯಲ್ಲಿದ್ದ ಮೂರು ನಾಲ್ಕು ಮಂದಿಯೂ ನಕ್ಕರು. ಧನರಾಜ್ ತಾನೂ ನಕ್ಕು ಕಾಗದ ಮಡಚಿದ. ನಗುವವರ ಜೊತೆ ಮೊದಲು ತಾನೇ ನಕ್ಕುಬಿಟ್ಟರೆ ನೋವು ಅರ್ಧವಾಗುತ್ತದೆಂದು ಅವನಿಗೆ ಹತ್ತನೆಯ ವಯಸ್ಸಿನಲ್ಲೇ ತಿಳಿದಿತ್ತು; ಉಳಿದರ್ಧ ಎಲ್ಲಿ ಹೋಗುತ್ತದೆಂದು ಅರುವತ್ತಕ್ಕೆ ಎರಡು ಕಡಿಮೆಯಾದ ಈಗಲೂ ತಿಳಿದಿರಲಿಲ್ಲ.

ಅಕ್ಷರವೇನೋ ಅವನದೇ. ಆದರೆ ಅದು ತನ್ನದೆಂದು ಅವನು ಯಾವತ್ತೂ ಹೇಳಿಕೊಂಡವನಲ್ಲ. ಬೋಟಿನ ಮೂತಿ ಮೇಲಕ್ಕೆ ಎದ್ದಿರುತ್ತದೆ. ಅಲ್ಲಿ ಅಕ್ಷರವನ್ನು ನೆಟ್ಟಗೆ ಬರೆದರೆ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ, ಅದಕ್ಕೆ ವಾಲಿಸಿದ, ಅಷ್ಟೆ. ಬಲಬದಿಯಲ್ಲಿ ನಿಂತು ನೋಡಿದರೆ ಹೆಸರು ಸಮುದ್ರಕ್ಕೆ ಹೊರಟಂತೆ, ಎಡಬದಿಯಲ್ಲಿ ನಿಂತು ನೋಡಿದರೆ ಮನೆಗೆ ಓಡಿ ಬಂದಂತೆ. ಒಳಗೆ ಬಣ್ಣ ತುಂಬದೆ ಬಿಟ್ಟದ್ದಕ್ಕೆ ಮಾತ್ರ ಅವನಲ್ಲಿ ಒಂದು ಕಾರಣವಿತ್ತು, ಅದನ್ನು ಹೇಳಲು ಅವನಿಗೆ ನಾಚಿಕೆ. ಸಣ್ಣವನಿದ್ದಾಗ ಮಳೆಗಾಲದ ಆಟಿಯ ತಿಂಗಳಲ್ಲಿ, ಬೋಟುಗಳೆಲ್ಲ ದಡ ಹತ್ತಿ ಗಂಡಸರು ಬಲೆ ನೇಯುತ್ತ ಕುಳಿತ ದಿನಗಳಲ್ಲಿ, ಭಜನಾ ಮಂದಿರದಲ್ಲಿ ಅಮ್ಮನ ಸೋದರಮಾವ ಪುರಾಣದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಅರ್ಥ ಆಗುತ್ತಿರಲಿಲ್ಲ. ಮನೆಯ ಮಾತು ತುಳು; ಪದ್ಯದ ಕನ್ನಡ ದೇವರ ಮನೆಯ ಬಾಗಿಲಿನ ಹಿತ್ತಾಳೆಯಂತೆ ದೂರದಿಂದ ಹೊಳೆಯುವ ವಸ್ತು. ಅವನು ಗೋಡೆಗೊರಗಿ ಬರಿಯ ಸದ್ದನ್ನು ಕೇಳುತ್ತಿದ್ದ: ಗುರು, ಲಘು, ಲಘು, ಉಸಿರು ನಿಲ್ಲುವ ಜಾಗ, ಉಸಿರು ತಿರುಗುವ ಜಾಗ. ಓದು ಮುಗಿದ ಮೇಲೆ ಎಲ್ಲರೂ ಎದ್ದು ಗರ್ಭಗುಡಿಗೆ ಮೂರು ಸುತ್ತು ಬರುತ್ತಿದ್ದರು. ಒಳಗೆ ಯಾರೂ ಕಾಲಿಡುವಂತಿಲ್ಲ, ಸುತ್ತ ಬರಬಹುದು. ಮುಂದೆ ಕುಂಚ ಹಿಡಿದಾಗ ಅವನ ಕೈ ಹಾಗೆಯೇ ಹೋಯಿತು, ಎಡದಿಂದ ಮೇಲಕ್ಕೆ, ಮೇಲಿಂದ ಬಲಕ್ಕೆ, ಬಲದಿಂದ ಕೆಳಕ್ಕೆ, ಬಾಯೊಳಗೆ ಆ ಬೋಟಿನ ಹೆಸರು ಹೇಳುತ್ತ. ಅಕ್ಷರದ ಒಳಗಿನ ಜಾಗ ತನ್ನದಲ್ಲ. “ಒಳಗೆ ಬಣ್ಣ ಹಾಕ್ಲಿಕ್ಕೆ ಮರ್ತದ್ದಾ, ಅಲ್ಲ ಡಬ್ಬಿ ಖಾಲಿಯಾ?” ಎಂದು ಬೋಟಿನವರು ತಮಾಷೆ ಮಾಡಿದರೆ, ಖಾಲಿ ಎನ್ನುತ್ತಿದ್ದ.

ಕಾರಣವನ್ನು ಅವನು ಹೇಳಿದ್ದು ಸುಪ್ರೀತಾಳಿಗೆ ಮಾತ್ರ. ಮಾರ್ಚಿನಿಂದ ಮೇ ತನಕ ಅವಳು ವಾರಕ್ಕೆ ಮೂರು ಸಲ ಧಕ್ಕೆಗೆ ಬಂದು ಅವನ ಪಕ್ಕ ಉಲ್ಟಾ ಬುಟ್ಟಿಯ ಮೇಲೆ ಕುಳಿತಳು, ಫೋಟೋ ತೆಗೆದಳು, ಟ್ರೇಸಿಂಗ್ ಹಾಳೆ ಹಿಡಿದಳು, ಫೋನಿನಲ್ಲಿ ಅವನ ಮಾತು ರೆಕಾರ್ಡು ಮಾಡಿದಳು. ಅವನ ಜಾತಿಯಲ್ಲಿ ವಂಶ ಹೆಣ್ಣಿನ ಕಡೆಯಿಂದ ಹರಿಯುವುದು. ತಂಗಿಯ ಮಗಳೆಂದರೆ ಸ್ವಂತ ಮಗಳಿಗಿಂತ ಒಂದು ಕೂದಲು ಹತ್ತಿರ. ಫಳ್ನೀರಿನ ಡಿಸೈನ್ ಆಫೀಸೊಂದರಲ್ಲಿ ಅವಳಿಗೆ ಕೆಲಸ, ಕೊರಳಲ್ಲಿ ಪಟ್ಟಿಯ ಗುರುತುಚೀಟಿ, ಉಗುರಿಗೆ ನೀಲಿ ಬಣ್ಣ. ಒಂದು ದಿನ ಅವಳು ನಗುತ್ತ ಹೇಳಿದ್ದಳು, “ಮಾಮ, ನಿಮ್ಮ ಪ್ರದಕ್ಷಿಣೆ ಕಂಪ್ಯೂಟರಿಗೆ ಆಗುವುದಿಲ್ಲ. ಹೊರಗಿನ ಗೆರೆ ಒಂದು ಕಡೆ ಸುತ್ತಿದರೆ ಒಳಗಿನ ಗೆರೆ ಉಲ್ಟಾ ಸುತ್ತಬೇಕು. ಎರಡೂ ಒಂದೇ ಕಡೆ ಸುತ್ತಿದರೆ ಒಳಗೆಲ್ಲ ಕಪ್ಪು ತುಂಬಿ ಬಿಡ್ತದೆ. ನಾನು ಎಲ್ಲ ಅಕ್ಷರದ ಒಳಗೆರೆ ತಿರುಗಿಸಿ ತಿರುಗಿಸಿ ಸಾಕಾಯ್ತು.” ಅವನೂ ನಕ್ಕಿದ್ದ. ಆದರೆ ಆ ದಿನ ಮನೆಗೆ ಹೋಗುವಾಗ, ತಾನು ಉಲ್ಟಾ ಸುತ್ತು ಬಂದದ್ದು ಅಮ್ಮನ ಚಿತೆಗೆ ಮಾತ್ರ ಎಂದು ನೆನಪಾಗಿ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಬಂದರಿನಲ್ಲಿ ಇಳಿದು ಹಂಪನಕಟ್ಟೆಗೆ ನಡೆದ. ಒಂದು ಕಾಲದಲ್ಲಿ ಈ ರಸ್ತೆಯ ಎರಡೂ ಬದಿಯ ಬೋರ್ಡುಗಳನ್ನು ಅವನು ಕೈಬರಹ ನೋಡಿ ಇಂಥವರದೆಂದು ಹೇಳಬಲ್ಲವನಾಗಿದ್ದ. ಈಗ ಎಲ್ಲ ಫ್ಲೆಕ್ಸು, ಬೆಳಕಿನ ಪೆಟ್ಟಿಗೆ. ಕೈಯಿಂದ ಬರೆಯಲು ಉಳಿದದ್ದು ಬೋಟುಗಳು ಮಾತ್ರ, ಯಾಕೆಂದರೆ ಬೋಟಿನ ಮೈ ಬಾಗಿರುತ್ತದೆ, ಮಿಷನಿಗೆ ಬಾಗಲು ಬರುವುದಿಲ್ಲ. ಇದನ್ನೂ ಅವಳಿಗೆ ಹೇಳಿದ್ದ, ಕಾಗದದಲ್ಲಿ ಇದೂ ಇತ್ತು. ಹೇಳಿದ್ದೆಲ್ಲ ಇತ್ತು. ಅವನಿಗೆ ಮೈ ಬೆತ್ತಲಾದ ಹಾಗೆ ಅನ್ನಿಸಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಬಸ್ಸುಗಳು ಸಾಲಾಗಿ ನಿಂತಲ್ಲಿ ಕಂಡಕ್ಟರೊಬ್ಬ ಊರುಗಳ ಹೆಸರನ್ನು ಒಂದೇ ಉಸಿರಿಗೆ ಕೂಗುತ್ತಿದ್ದ, ಪಂಪ್‌ವೆಲ್ ಪಂಪ್‌ವೆಲ್ ಪಂಪ್‌ವೆಲ್, ಆ ಕೂಗಿನ ತಾಳದಲ್ಲಿ ಇನ್ನೊಂದು ತಾಳ ಕೇಳಿಸಿತು. ಗುರು, ಲಘು, ಲಘು. ಬಂ-ಗು-ಡೆ. ಪೇಟೆಯ ಶಾಲೆಗೆ ಸೇರಿದ ಮೊದಲ ವಾರವೇ ಯಾರೋ ಕಟ್ಟಿದ್ದರು: ಬಂಗುಡೆ ಬಂತು, ಮೂಗು ಮುಚ್ಚು. ಎಷ್ಟು ಚೆನ್ನಾಗಿ ಕೂತಿತ್ತು ತಾಳಕ್ಕೆ! ಅದೇ ದೊಡ್ಡ ಸಂಕಟ. ಮಂದಿರದಲ್ಲಿ ಪದ್ಯ ಕೇಳಿ ಕೇಳಿ ಹದವಾದ ಅವನ ಕಿವಿ, ಬೇಡ ಬೇಡವೆಂದರೂ ಆ ಬೈಗುಳದ ಲಯಕ್ಕೆ ಒಳಗೊಳಗೆ ತಲೆದೂಗುತ್ತಿತ್ತು. ಇಡೀ ಬೆಂಚು ಮೂಗು ಹಿಡಿದುಕೊಂಡು ಮೂಗಿನಲ್ಲೇ ಹಾಡುತ್ತಿತ್ತು. ಅವನು ದಿನಾ ಎರಡು ಸಲ ಸಾಬೂನು ಹಾಕಿ ಮೈ ತಿಕ್ಕಿ, ಅಂಗಿಯ ತೋಳನ್ನು ಮೂಸಿ ನೋಡಿ, ಏನೂ ವಾಸನೆಯಿಲ್ಲವೆಂದು ತಿಳಿದು, ಬಹುಶಃ ತನ್ನ ಮೂಗಿಗೆ ಮಾತ್ರ ಗೊತ್ತಾಗುತ್ತಿಲ್ಲವೆಂದು ಇನ್ನೂ ಹೆದರುತ್ತಿದ್ದ. ಬೆಂಗ್ರೆಯಲ್ಲಿ ಈ ಹೆಸರು ಯಾರಿಗೂ ಗೊತ್ತಿರಲಿಲ್ಲ. ಸುಪ್ರೀತಾಳೊಬ್ಬಳನ್ನು ಬಿಟ್ಟರೆ ಹೆಂಡತಿಗೂ ಹೇಳಿರಲಿಲ್ಲ. ನದಿಯ ಆಚೆ ಬಿಟ್ಟು ಬಂದ ಹೆಸರು ಅದು, ದಾಟಿ ಬರಬಾರದಿತ್ತು.

ಹೆಸರನ್ನು ತೆಗೆಸಬೇಕು. ಫಳ್ನೀರಿನ ಏರು ಹತ್ತುವಾಗ ಅವನು ಇಷ್ಟನ್ನು ಮಾತ್ರ ಗಟ್ಟಿ ಮಾಡಿಕೊಂಡ. ಅಕ್ಷರ ಇಟ್ಟುಕೊಳ್ಳಲಿ, ಫೋಟೋ ಇಟ್ಟುಕೊಳ್ಳಲಿ. ಕಾರ್ಯಕ್ರಮ ನಾಲ್ಕು ಗಂಟೆಗೆ. ಈಗ ಮೂರೂ ಕಾಲು. ಬಿಡುಗಡೆ ಆಗುವ ಮೊದಲು ಹೇಳಿಬಿಟ್ಟರೆ ಬೇರೆ ಹೆಸರಿಡಬಹುದು. ಕಂಪ್ಯೂಟರಿನಲ್ಲಿ ಒಂದು ಹೆಸರು ಅಳಿಸುವುದೆಷ್ಟು ಹೊತ್ತು?

ಹಾಲಿನ ಬಾಗಿಲಲ್ಲಿ ಮೇಜಿನ ಮೇಲೆ ಟೀಶರ್ಟಿನಂಥ ಬನಿಯನ್ನುಗಳನ್ನು ಮಡಚಿಟ್ಟಿದ್ದರು, ಚಹಾದ ಕಪ್ಪುಗಳನ್ನಿಟ್ಟಿದ್ದರು, ಎಲ್ಲದರ ಮೇಲೂ ಬಂಗುಡೆ. ‘ಬಂ’ನ ಸೊನ್ನೆ ಅವನ ಅಕ್ಷರದಲ್ಲಿ ಸೊನ್ನೆಯೊಳಗೊಂದು ಸೊನ್ನೆ, ಅದನ್ನು ಅವರು ಮೀನಿನ ಕಣ್ಣು ಮಾಡಿ ಪಕ್ಕದಲ್ಲೊಂದು ಬಾಲ ಸೇರಿಸಿದ್ದರು. ಅಂಥದೇ ಬನಿಯನ್ನು ತೊಟ್ಟ ಹುಡುಗಿಯೊಬ್ಬಳು ಎದೆಯ ಮೇಲೆ ಅವನ ಹೆಸರು ಹೊತ್ತು ಓಡಾಡುತ್ತ ಎಲ್ಲರಿಗೂ ನೀರಿನ ಬಾಟಲಿ ಕೊಡುತ್ತಿದ್ದಳು. ಸುಪ್ರೀತಾ ಓಡಿ ಬಂದಳು. ಹೊಸ ಸೀರೆ ಉಟ್ಟಿದ್ದಳು, ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ಅವನಿಗೆ ಅದರ ಎದುರು ನಿಲ್ಲಲು ಭಯವಾಯಿತು.

“ಬಂದ್ರಾ ಮಾಮ! ನೋಡಿದ್ರಾ? ಹೇಗುಂಟು?” ಎಂದಳು. ಕನ್ನಡದಲ್ಲಿ ಹೇಳಿದಳು. ಅವಳು ಹುಟ್ಟಿದಾಗಿನಿಂದ ಅವರಿಬ್ಬರ ನಡುವೆ ತುಳುವಲ್ಲದೆ ಬೇರೆ ಮಾತು ನಡೆದಿರಲಿಲ್ಲ, ರೆಕಾರ್ಡಿಂಗಿನ ಹೊತ್ತನ್ನು ಬಿಟ್ಟರೆ. ಪಕ್ಕದಲ್ಲಿ ಅವಳ ಆಫೀಸಿನ ಯಜಮಾನ ಗೌರವ್ ನಿಂತಿದ್ದ. ಹೊರಗಿನಿಂದ ಬಂದು ಇಲ್ಲಿ ಆಫೀಸು ತೆರೆದವನು, ತುಳು ಬಾರದವನು. ಅವನಿಗಾಗಿ ಕನ್ನಡವೆಂದು ಅರ್ಥವಾದರೂ, ತಂಗಿಯ ಮಗಳು ತನ್ನನ್ನು ಮನೆಯ ಬಾಗಿಲಿನಿಂದ ಹೊರಗೆ, ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದಂತೆ ಧನರಾಜನಿಗೆ ಅನ್ನಿಸಿತು.

“ಸರ್, ನೀವೇ ಇವತ್ತಿನ ಹೀರೋ,” ಗೌರವ್ ಅವನ ಎರಡೂ ಕೈ ಹಿಡಿದುಕೊಂಡ. “ಹೆಸರು ಹುಡುಕಿ ಹುಡುಕಿ ಸುಸ್ತಾಗಿದ್ವಿ ಸರ್. ಸುಪ್ರೀತಾ ನಿಮ್ಮ ರೆಕಾರ್ಡಿಂಗ್ ಕೇಳಿಸಿದಳು, ಅಷ್ಟೇ, ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಬಂಗುಡೆ! ಏನ್ ಹೆಸರು ಸರ್!”

“ಸ್ವಲ್ಪ ಮಾತಾಡ್ಲಿಕ್ಕೆ ಉಂಟು,” ಎಂದ ಧನರಾಜ್, ಸುಪ್ರೀತಾಳಿಗೆ.

ಹಾಲಿನ ಬದಿಯ ಮೆಟ್ಟಿಲ ಕೆಳಗೆ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಜಾಗದಲ್ಲಿ, ಅವನು ಕಾಗದ ಬಿಡಿಸಿ ಆ ಶಬ್ದದ ಮೇಲೆ ಬೆರಳಿಟ್ಟ. ತುಳುವಿನಲ್ಲಿ ಕೇಳಬೇಕೆಂದು ಹೊರಟವನು, ಅವಳು ಕನ್ನಡ ಹಿಡಿದಿದ್ದರಿಂದ ತಾನೂ ಕನ್ನಡದಲ್ಲೇ ಕೇಳಿದ. “ಇದು ಯಾರು ಹಾಕಿದ್ದು?”

“ಯಾವುದು? ಪ್ರೀತಿಯಿಂದವಾ? ನೀವೇ ಹೇಳಿದ್ದಲ್ವಾ ಮಾಮ.”

“ನಾನು ಹಾಗೆ ಹೇಳ್ಲಿಕ್ಕಿಲ್ಲ.”

“ದೇವರಾಣೆ ನಾನು ಒಂದು ಶಬ್ದ ಸೇರಿಸ್ಲಿಲ್ಲ. ಬೇಕಾದ್ರೆ ಕೇಳಿ.” ಅವಳಿಗೆ ಬೇಸರವಾಗಿತ್ತು, ಸಂತೋಷದ ನಡುವೆ ಲೆಕ್ಕ ಕೇಳಿದವರ ಮೇಲೆ ಆಗುವ ಬೇಸರ. ಫೋನು ತೆಗೆದು ಬೆರಳಿನಿಂದ ಮೇಲೆ ಕೆಳಗೆ ಮಾಡಿ ಒಂದು ಕಡೆ ಒತ್ತಿ ಅವನ ಕಿವಿಯ ಬಳಿ ಹಿಡಿದಳು. ಮೊದಲು ಧಕ್ಕೆಯ ಕಾಗೆಗಳು. ಡಬ್ಬಿಯ ಅಂಚಿಗೆ ಕುಂಚ ಒರೆಸಿದ ಸದ್ದು. ಆಮೇಲೆ ಒಬ್ಬ ಮುದುಕನ ಧ್ವನಿ, ನಿಧಾನವಾಗಿ, ತೂಕ ಮಾಡಿ, ವಾರ್ಷಿಕೋತ್ಸವದ ವೇದಿಕೆಯಲ್ಲಿ ನಿಂತವನಂತೆ: “ಶಾಲೆಯಲ್ಲಿ ನನ್ನನ್ನು ಗೆಳೆಯರೆಲ್ಲ ಪ್ರೀತಿಯಿಂದ ಬಂಗುಡೆ ಎಂದು ಕರೆಯುತ್ತಿದ್ದರು.” ಆಮೇಲೆ ಅದೇ ಮುದುಕನ ನಗು. ಅವಳ ನಗು.

ತನ್ನ ಧ್ವನಿ ಹೀಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆದರೆ ಆ ವಾಕ್ಯ ಎಲ್ಲಿಂದ ಬಂತೆಂದು ತಕ್ಷಣ ಗೊತ್ತಾಯಿತು. ರೆಕಾರ್ಡಿಂಗಿಗೆ ಕನ್ನಡದಲ್ಲಿ ಹೇಳಿ ಮಾಮ, ಎಲ್ಲರಿಗೂ ಅರ್ಥ ಆಗ್ತದೆ, ಎಂದಿದ್ದಳು. ಅವನ ಕನ್ನಡ ಶಾಲೆಯ ಪುಸ್ತಕದ್ದು, ಮಂದಿರದ ಪದ್ಯದ್ದು, ಸನ್ಮಾನದ ಸಭೆಗಳದ್ದು. ಊರವರು ಪ್ರೀತಿಯಿಂದ ಇಂಥ ಹೆಸರಿನಿಂದ ಕರೆಯುವ ಶ್ರೀಯುತರು ಎಂದು ಮೈಕಿನಲ್ಲಿ ಹೇಳುವುದನ್ನು ವರ್ಷ ವರ್ಷ ಕೇಳಿದವನು ಅವನು. ಕರೆಯುತ್ತಿದ್ದರು ಎಂಬ ಮಾತಿನ ಹಿಂದೆ ಪ್ರೀತಿಯಿಂದ ಎಂಬುದು ಎತ್ತಿನ ಹಿಂದೆ ಗಾಡಿಯಂತೆ ತಾನಾಗಿ ಬಂದುಬಿಟ್ಟಿತ್ತು. ತುಳುವಿನಲ್ಲಾಗಿದ್ದರೆ ಬರುತ್ತಿರಲಿಲ್ಲ. ಪ್ರೀತಿಗಿರುವ ‘ಮೋಕೆ’ ಎಂಬ ಶಬ್ದವನ್ನು ಆ ಬೆಂಚಿನ ಮೇಲೆ ಇಡಲು ಅವನ ನಾಲಿಗೆ ಒಪ್ಪುತ್ತಿರಲಿಲ್ಲ. ಮೂಗು ಮುಚ್ಚಿಕೊಂಡವರಿಗೆಲ್ಲ ತಾನೇ, ತನ್ನ ಅಚ್ಚುಕಟ್ಟಾದ ಕನ್ನಡದಲ್ಲಿ, ಕ್ಷಮೆ ಕೊಟ್ಟುಬಿಟ್ಟಿದ್ದ. ಅಂಗಿಯ ತೋಳು ಮೂಸಿಕೊಳ್ಳುತ್ತ ನಿಂತ ಆ ಹತ್ತು ವರ್ಷದವನನ್ನು ಒಂದು ಮಾತೂ ಕೇಳದೆ.

ಸುಪ್ರೀತಾ ಫೋನನ್ನು ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಅದು ಮುಂದೆ ಓಡುತ್ತಿತ್ತು. ಮತ್ತೆ ಕಾಗೆ. ಕುಂಚದ ಸದ್ದು ನಿಂತಿತು. ಆಮೇಲೆ ಬೇರೆಯೇ ಒಂದು ಧ್ವನಿ, ತಗ್ಗಿದ್ದು, ಅವಸರದ್ದು, ಮನೆಯ ಧ್ವನಿ: “ಉಂದು ನಿಕ್ಕ್ ಮಾತ್ರ ಮಗಾ.” ಇದು ನಿನಗೆ ಮಾತ್ರ. ಆಮೇಲೆ ಅವಳದು, ಸ್ಪಷ್ಟವಾಗಿ, “ಆವು ಮಾಮ.” ಆಯ್ತು ಮಾಮ.

ಅವಳ ಬೆರಳು ಫೋನಿನ ಮೇಲೆ ಬಿದ್ದದ್ದು ಅದರ ನಂತರ.

“ಟೈಪ್ ಮಾಡುವಾಗ ಕನ್ನಡದ್ದು ಮಾತ್ರ ಮಾಡಿದ್ದು,” ಎಂದಳು ಅವಳು. “ತುಳುವಿನದ್ದು ಬಿಟ್ಟೆವು. ಎಲ್ಲ ಕಡೆಯೂ ಹಾಗೆಯೇ ಮಾಡಿದ್ದು ಮಾಮ, ಇಲ್ಲಿ ಮಾತ್ರ ಅಲ್ಲ.” ಅವನು ಕಾಗದವನ್ನು ಮಡಚಿದ. “ನನಗೆ ಮರ್ತೇ ಹೋಗಿತ್ತು,” ಎಂದಳು. ಆಮೇಲೆ, “ನಿಮ್ಮ ಹೆಸರೇ ಇಡುವ ಅಂತ ನನಗೆ ಆಸೆ ಇತ್ತು. ಧನರಾಜ್ ಅಂತ ಇಟ್ಟರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ ಅಂತ ಆಫೀಸಿನವರು ಅಂದರು. ಇದಾದ್ರೆ ನಿಮ್ಮದೇ ಆಯ್ತಲ್ಲ, ಅಂತ.” ಅವಳು ಸುಳ್ಳು ಹೇಳುತ್ತಿರಲಿಲ್ಲ, ಅದು ಅವನಿಗೆ ಕಾಣುತ್ತಿತ್ತು. ಸುಳ್ಳಾಗಿದ್ದರೆ ಕೋಪ ಮಾಡಬಹುದಿತ್ತು. ತೆಗೆಸು ಎಂಬ ಮಾತು ಬಾಯಿಯ ತನಕ ಬಂತು. ಅಷ್ಟರಲ್ಲಿ ಗೌರವ್ ಬಾಗಿಲಲ್ಲಿ ಕಾಣಿಸಿ, ಸರ್, ಎಲ್ಲರೂ ಬಂದಿದ್ದಾರೆ, ಬಣ್ಣ ರೆಡಿ, ಎಂದ. ಬಾಯಿಯ ತನಕ ಬಂದದ್ದನ್ನು ಅವನು ನುಂಗಿಕೊಂಡ, ಹಿಂದೆ ಒಂದು ಸಲ ನುಂಗಿಕೊಳ್ಳದೆ ಉಗುಳಿದ್ದು ನೆನಪಾಗಿ.

ವೇದಿಕೆಯ ಮೇಲೆ ಹಳೆ ಬೋಟಿನ ಹಲಗೆಯೊಂದನ್ನು ನೀಲಿ ಬಳಿದು ನಿಲ್ಲಿಸಿದ್ದರು. ಬಿಳಿ ಎನಾಮೆಲಿನ ಡಬ್ಬಿ, ಹೊಸ ಕುಂಚ. ಎಲ್ಲರ ಎದುರು ಅವನು ಫಾಂಟಿನ ಹೆಸರನ್ನು ಕೈಯಿಂದ ಬರೆಯಬೇಕು, ಅದೇ ಬಿಡುಗಡೆ. ಕೆಡಿಸಿಬಿಡುತ್ತೇನೆ ಎಂದು ಅವನು ಯೋಚಿಸಿದ. ಗೆರೆ ನಡುಗಿಸುತ್ತೇನೆ, ವಯಸ್ಸಾಯಿತೆಂದುಕೊಳ್ಳಲಿ. ಕುಂಚ ಅದ್ದಿ, ಅಂಚಿಗೆ ಒರೆಸಿ, ಹಲಗೆಗೆ ತಾಗಿಸಿದ. ಎಡದಿಂದ ಮೇಲಕ್ಕೆ. ಈ ಫಳ್ನೀರಿನ ಮನೆಗಳಿಗೇ ಅಮ್ಮ ದಮಯಂತಿ ಬುಟ್ಟಿ ಹೊತ್ತು ಬರುತ್ತಿದ್ದದ್ದು. ಧಕ್ಕೆಯಿಂದ ನಡೆದು, ಏರು ಹತ್ತಿ, ಹೆಂಚಿನ ಮನೆಗಳ ಹಿತ್ತಿಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದದ್ದು. ಮೇಲಿಂದ ಬಲಕ್ಕೆ. ಏಳನೆಯ ಕ್ಲಾಸು, ಡ್ರಾಯಿಂಗ್ ಪರೀಕ್ಷೆಯ ದಿನ, ಅವನು ಡ್ರಾಯಿಂಗ್ ಹಾಳೆ ಮನೆಯಲ್ಲಿ ಮರೆತು ಬಂದಿದ್ದ. ಹತ್ತೂವರೆಗೆ ಗೇಟಿನ ಹೊರಗೆ ಅಮ್ಮ, ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಸುರುಳಿ ಸುತ್ತಿದ ಹಾಳೆ, ನೀರು ತಾಗಬಾರದೆಂದು ಮೈಯಿಂದ ಒಂದು ಮೊಳ ದೂರ ಹಿಡಿದು. ಬೆಂಚಿನವರೆಲ್ಲ ಸುತ್ತ ಇದ್ದರು. ಬಂಗುಡೆ, ನಿನ್ನ ಅಮ್ಮನಾ, ಎಂದು ಒಬ್ಬ ಕೇಳಿದ. ಬಲದಿಂದ ಕೆಳಕ್ಕೆ. ಅಮ್ಮ ಅಲ್ಲ, ಮೀನಿನವಳು, ಎಂದ ಅವನು, ಗಟ್ಟಿಯಾಗಿ, ಕನ್ನಡದಲ್ಲಿ. ಅಮ್ಮನಿಗೆ ಅಷ್ಟು ಕನ್ನಡ ಬರುತ್ತಿತ್ತು. ಅವಳು ಅವನ ಮುಖ ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಜವಾನನ ಕೈಗೆ ಸುರುಳಿ ಕೊಟ್ಟು, ತನ್ನ ಮುರುಕು ಕನ್ನಡದಲ್ಲಿ, “ದಾರಿಯಲ್ಲಿ ಬಿದ್ದು ಸಿಕ್ಕಿತು ಸ್ವಾಮಿ, ಯಾವ ಮಗುವಿನದ್ದೋ ನೋಡಿ,” ಎಂದಳು. ಬುಟ್ಟಿಯನ್ನು ಸರಿಮಾಡಿಕೊಂಡು ಹೋದಳು. ಮಗನ ಸುಳ್ಳಿಗೆ ಎಲ್ಲೂ ಬಿರುಕು ಬಿಡದ ಹಾಗೆ ತಾನೊಂದು ಸುಳ್ಳು ಕೂಡಿಸಿ. ಸಂಜೆ ಮನೆಯಲ್ಲಿ ಪರೀಕ್ಷೆ ಹೇಗಾಯಿತೆಂದು ಕೇಳಿದಳು, ಬೇರೇನೂ ಕೇಳಲಿಲ್ಲ. ಸಾಯುವ ತನಕ ಕೇಳಲಿಲ್ಲ. ಶಾಲೆಯ ಆ ರಸ್ತೆಯಲ್ಲಿ ಮೀನು ಮಾರುವುದನ್ನು ಮಾತ್ರ ಮರುದಿನದಿಂದ ಬಿಟ್ಟಳು. ಸುತ್ತು ದಾರಿ ಹಿಡಿದು ಬರುತ್ತಿದ್ದಳು.

ಚಪ್ಪಾಳೆ ಕೇಳಿ ಧನರಾಜ್ ಕಣ್ಣೆತ್ತಿದ. ಹಲಗೆಯ ಮೇಲೆ ಬಂಗುಡೆ ಇತ್ತು. ಗೆರೆ ಎಲ್ಲೂ ನಡುಗಿರಲಿಲ್ಲ. ‘ಬಂ’ ಎದೆಯುಬ್ಬಿಸಿ ವಾಲಿತ್ತು, ‘ಗು’ವಿನ ಕೊಂಬು ಒಂದೇ ಉಸಿರಿಗೆ ತಿರುಗಿ ನಿಂತಿತ್ತು, ‘ಡೆ’ಯ ತಲೆಯ ಕುಡಿ ಇನ್ನೇನು ಅಲುಗಿಬಿಡುವಂತಿತ್ತು. ಮೂವತ್ತೈದು ವರ್ಷಗಳಲ್ಲಿ ಅವನು ಇಷ್ಟು ಚೆಂದದ ಮೂರಕ್ಷರ ಬರೆದಿರಲಿಲ್ಲ. ಕೈಯನ್ನು ನೋಡಿಕೊಂಡ. ಅದಕ್ಕೆ ಏನೂ ಅನ್ನಿಸಿದ ಹಾಗಿರಲಿಲ್ಲ. ಇಡೀ ಮೈಯಲ್ಲಿ ಅದೊಂದೇ ತನ್ನ ಕಡೆಯದು ಎಂದುಕೊಂಡಿದ್ದ.

ಗೌರವ್ ಮೈಕನ್ನು ಅವನ ಕೈಗೆ ಕೊಟ್ಟು, “ಎರಡು ಮಾತು ಸರ್, ಹೆಸರಿನ ಬಗ್ಗೆ,” ಎಂದ. ಸಭೆಯಲ್ಲಿ ನೂರು ಮಂದಿ ಇದ್ದಿರಬಹುದು. ಎಲ್ಲರೂ ಒಳ್ಳೆಯವರಂತೆ ಕಂಡರು.

“ಇದರಲ್ಲಿ ಬರೆದಿದ್ದಾರೆ,” ಎಂದ ಅವನು, “ಪ್ರೀತಿಯಿಂದ ಅಂತ. ಪ್ರೀತಿಯಿಂದ ಅಲ್ಲ.”

ಸಭೆ ಗೊಳ್ಳೆಂದು ನಕ್ಕಿತು. ಯಾರೋ ಶಿಳ್ಳೆ ಹಾಕಿದರು. ಬನಿಯನ್ನಿನ ಹುಡುಗಿ ಪಕ್ಕದವಳ ಭುಜಕ್ಕೆ ತಲೆಯಿಟ್ಟು ನಗುತ್ತಿದ್ದಳು. ಮುಂದಿನ ಸಾಲಿನಲ್ಲಿ ಸುಪ್ರೀತಾ ನಗಲಿಲ್ಲ. ನಗು ಇಳಿಯುವ ತನಕ ಅವನು ಕಾದ. “ತಮಾಷೆ ಅಲ್ಲ,” ಎಂದ. “ಒಂದು ದಿನ ಶಾಲೆಯ ಗೇಟಿನ ಹತ್ತಿರ ನನ್ನ ಅಮ್ಮ ಬಂದರು.”

ಕತೆಯೊಂದು ಬರುತ್ತಿದೆಯೆಂದು ಎಲ್ಲರಿಗೂ ತಿಳಿಯಿತು, ಮುಖಗಳು ಮೆತ್ತಗಾದವು, ಕತ್ತುಗಳು ಒಂದು ಬದಿಗೆ ಬಾಗಿದವು. ಆಮೇಲೆ ಫೋನುಗಳು ಮೇಲೆದ್ದವು, ಇಲ್ಲೊಂದು ಅಲ್ಲೊಂ­ದು, ಆಮೇಲೆ ಸಾಲು ಸಾಲಾಗಿ. ಗೌರವ್ ವೇದಿಕೆಯ ಬದಿಯಿಂದ ಕ್ಯಾಮರಾದವನಿಗೆ ಹತ್ತಿರ ಹೋಗು ಎಂದು ಕೈಸನ್ನೆ ಮಾಡಿದ. ಧನರಾಜ್ ಸುಪ್ರೀತಾಳನ್ನು ನೋಡಿದ. ಅವಳ ಕಣ್ಣು ತುಂಬಿತ್ತು. ಅವಳ ಕೈಯಲ್ಲೂ ಫೋನು ಎದ್ದಿತ್ತು. ಅಳುತ್ತಲೇ, ಕೈ ಅಲುಗದ ಹಾಗೆ ಇನ್ನೊಂದು ಕೈಯನ್ನು ಆಸರೆ ಕೊಟ್ಟು ಹಿಡಿದಿದ್ದಳು. ಮುಂದಿನ ಕಾಗದದಲ್ಲಿ ಅಮ್ಮ ಇರುತ್ತಾಳೆ, ಬುಟ್ಟಿ ಹೊತ್ತು, ಕಪ್ಪಿನ ಮೇಲೆ, ಬನಿಯನ್ನಿನ ಮೇಲೆ, ಬಲಕ್ಕೆ ವಾಲಿ.

“ಬಂದ್ರು,” ಎಂದ ಅವನು ಮೈಕಿಗೆ. “ಹೋದ್ರು. ಎಲ್ಲರಿಗೂ ನಮಸ್ಕಾರ.”

ಜನ ಒಂದು ಕ್ಷಣ ಕಾದು, ಮುಗಿಯಿತೆಂದು ತಿಳಿದು, ಚಪ್ಪಾಳೆ ತಟ್ಟಿದರು. ಅವನು ಇಳಿದು ಬಂದು ಸುಪ್ರೀತಾಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತ. ವೇದಿಕೆಯ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಓಡಿಬರತೊಡಗಿದ್ದವು, ಸಂಗೀತದ ಜೊತೆ, ಅ ಆ ಇ ಈ, ಪ್ರತಿಯೊಂದೂ ಒಂದು ಸಲ ಕುಣಿದು ನಿಲ್ಲುತ್ತಿತ್ತು. ಆ ಗದ್ದಲದ ಅಡಿಯಲ್ಲಿ ಅವಳು ಅವನ ಕಡೆ ಬಾಗಿದಳು. ಈ ಸಲ ತುಳುವಿನಲ್ಲಿ ಕೇಳಿದಳು. “ಅಜ್ಜಿ ಗೇಟಿಗೆ ಬಂದು ಎಂತ ಆಯ್ತು ಮಾಮ?”

ಅವನು ಅವಳ ಮಡಿಲಲ್ಲಿದ್ದ ಫೋನನ್ನು ನೋಡಿದ. ಅವಳು ಅದನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು. ಆದರೂ ಅವನಿಗೆ ಹೇಳಲು ಆಗಲಿಲ್ಲ. ಇಡೀ ಬಳಗದಲ್ಲಿ ಇವಳೊಬ್ಬಳಿಗೆ ಹೇಳಬಹುದೆಂದು ಮಾರ್ಚಿನಿಂದ ಒಳಗೊಳಗೆ ಕೂಡಿಟ್ಟುಕೊಂಡ ಮಾತು ಅದು; ಧಕ್ಕೆಯಲ್ಲಿ ಬುಟ್ಟಿಯ ಮೇಲೆ ಕುಳಿತವಳಿಗೆ, ಇವತ್ತಲ್ಲದಿದ್ದರೆ ನಾಳೆ, ಹೇಳಿಯೇಬಿಡುತ್ತಿದ್ದ. ಈಗ ಹುಡುಕಿದರೆ ಗಂಟಲಲ್ಲಿ ಮಾತು ಇದ್ದ ಜಾಗ ಇತ್ತು, ಮಾತು ಇರಲಿಲ್ಲ.

“ಈ ಹೆಸರು ತೆಗೆಯಬೇಕಾ ಮಾಮ?” ಎಂದಳು ಅವಳು.

“ತೆಗೆಯಲಿಕ್ಕೆ ಆಗ್ತದಾ?”

ಅವಳು ಪರದೆಯನ್ನು ನೋಡಿದಳು. ಕೆಳಗೊಂದು ಮೂಲೆಯಲ್ಲಿ ಅಂಕೆಯೊಂದು ಏರುತ್ತಿತ್ತು, ಈ ಹದಿನೈದು ನಿಮಿಷದಲ್ಲಿ ಎಷ್ಟು ಜನ ಫಾಂಟನ್ನು ಇಳಿಸಿಕೊಂಡರೆಂದು. “ಇಲ್ಲ,” ಎಂದಳು.

“ಹಾಗಾದ್ರೆ ಕೇಳ್ಬೇಡ ಮಗಾ.”

ಅವಳು ಅವನ ತೋಳಿನ ಮೇಲೆ ಕೈಯಿಡಲು ಹೋಗಿ, ಇಡಬಹುದೋ ಇಲ್ಲವೋ ತಿಳಿಯದೆ, ಕುರ್ಚಿಯ ಕೈಯ ಮೇಲೆ ಇಟ್ಟಳು. ಎಲ್ಲರೂ ಏಳುತ್ತಿದ್ದರು, ಕುರ್ಚಿಗಳು ಕಿರಗುಡುತ್ತಿದ್ದವು, ಬದಿಯಿಂದ ಕಾಫಿಯ ವಾಸನೆ ಬರುತ್ತಿತ್ತು. ಹೊರಟುಬಿಡಬೇಕು, ಐದೂವರೆಯ ದೋಣಿ ಸಿಕ್ಕಿದರೆ ಒಳ್ಳೆಯದು, ಎಂದು ಅವನು ಯೋಚಿಸುತ್ತಿದ್ದ. ಅಷ್ಟರಲ್ಲಿ ವೇದಿಕೆಯ ಮೇಲೆ ಗುಂಪು ಕೂಡಿಸುತ್ತಿದ್ದ ಗೌರವ್ ಮೈಕಿನಲ್ಲಿ, ಖುಷಿಯ ದೊಡ್ಡ ಧ್ವನಿಯಲ್ಲಿ, ಮೊದಲಕ್ಷರವನ್ನು ಎಳೆದು ಕೂಗಿದ:

“ಬಂ...ಗುಡೆ! ಬಂಗುಡೆ ಸರ್! ಎಲ್ಲಿದ್ದೀರಿ? ಗ್ರೂಪ್ ಫೋಟೋಕ್ಕೆ ಬನ್ನಿ!”

ಬೇಡವೆಂದು ಹೇಳಲು ಧನರಾಜ್ ಬಾಯಿ ತೆರೆದ. ಆಗ ಅವನಿಗೆ ತಾನು ಆಗಲೇ ಎದ್ದು ನಿಂತಿರುವುದು ಗೊತ್ತಾಯಿತು.